ಟೈಲ್ಸ್ ಸಂದಿನ ರಸಾಯನ

ಬಚ್ಚಲುಮನೆಯ ಟೈಲ್ಸ್ ಎಷ್ಟು ಹಳತಾದರೂ ಒರೆಸಿದರೆ ಹೊಳೆಯುತ್ತವೆ. ನಡುವಿನ ಬಿಳಿ ಗೆರೆ ಮಾತ್ರ ಬಹುಬೇಗ ಕಪ್ಪಾಗುತ್ತದೆ. ಗೋಡೆ ಒಂದೇ, ನೀರೂ ಒಂದೇ, ವ್ಯತ್ಯಾಸವೆಲ್ಲ ರಂಧ್ರಗಳದು. ವಿಟ್ರಿಫೈಡ್ ಟೈಲ್ ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಬೆಂದು ಅರೆಗಾಜಾಗಿರುತ್ತದೆ, ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ. ಸಂದಿಗೆ ತುಂಬುವ ಗ್ರೌಟ್ ಎಂದರೆ ಸಿಮೆಂಟ್, ನಯವಾದ ಮರಳು, ಒಂದಿಷ್ಟು ಬಣ್ಣ. ಕಲಸುವಾಗ ಹಾಕಿದ ನೀರಿನಲ್ಲಿ ಸಿಮೆಂಟಿನೊಂದಿಗೆ ಕೂಡಿಕೊಳ್ಳದೆ ಉಳಿದದ್ದು ಆರುತ್ತಾ ಕಣ್ಣಿಗೆ ಕಾಣದ ಕೊಳವೆಗಳನ್ನು ಬಿಟ್ಟು ಹೋಗುತ್ತದೆ. ಹಣತೆಯ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಈ ಕೊಳವೆಗಳು ಸೋಪಿನ ನೀರನ್ನು ಒಳಗೆಳೆದುಕೊಳ್ಳುತ್ತವೆ.

ಹೊಸ ಗ್ರೌಟಿನ ಕ್ಷಾರ ಬಲು ಖಾರ. ಪಿಎಚ್ 12 ದಾಟಿರುವ ಅಲ್ಲಿ ಬೂಷ್ಟು ಬೇರೂರದು. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಗ್ರೌಟಿನ ಸುಣ್ಣವನ್ನು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡುತ್ತದೆ; ಮೇಲ್ಪದರದ ಕ್ಷಾರ ಇಳಿಯುತ್ತದೆ. ಆಗ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ನೆಲೆಯೂರುತ್ತವೆ. ಸೋಪಿನ ಜಿಡ್ಡು, ಮೈಯಿಂದ ಉದುರಿದ ಚರ್ಮದ ಹೊಟ್ಟು ಅವಕ್ಕೆ ಊಟ. ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ವರ್ಗದ ವರ್ಣಕವೇ ಅವುಗಳ ಕಪ್ಪಿಗೂ ಕಾರಣ.

ಎಲ್ಲ ಕೊಳೆಯೂ ಬೂಷ್ಟಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿದರೆ ಬೂದುಬಣ್ಣದ ಅಂಟು ಪದರ. ನೀರಿನಲ್ಲಿ ಕಬ್ಬಿಣವಿದ್ದರೆ ಕೆಂಗಂದು ಕಲೆ.

ಇವೆಲ್ಲಕ್ಕೂ ನಮ್ಮಲ್ಲಿ ಒಂದೇ ಮದ್ದು: ಆಸಿಡ್. ಸುರಿದೊಡನೆ ನೊರೆ ಏಳುತ್ತದೆ, ಗೆರೆ ಬೆಳ್ಳಗಾಗುತ್ತದೆ. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಕರಗಿಸುವುದು ಕ್ಯಾಲ್ಸಿಯಂ ಸಂಯುಕ್ತಗಳನ್ನು. ಗ್ರೌಟನ್ನು ಹಿಡಿದಿಟ್ಟಿರುವುದೂ ಅವೇ. ಕೊಳೆಯ ಜೊತೆ ಗ್ರೌಟಿನ ಮೈಯೂ ಹೋಗುತ್ತದೆ, ರಂಧ್ರ ಇನ್ನಷ್ಟು ಬಾಯಿ ತೆರೆಯುತ್ತದೆ, ಮುಂದಿನ ಸಲ ಕಪ್ಪು ಇನ್ನೂ ಬೇಗ ಬರುತ್ತದೆ. ವಿನೆಗರ್ ಮಾಡುವುದೂ ಇದನ್ನೇ, ನಿಧಾನವಾಗಿ. ಅದಕ್ಕೆ ಅಡುಗೆ ಸೋಡ ಬೆರೆಸಿದರೆ ಆಮ್ಲ, ಕ್ಷಾರ ಒಂದನ್ನೊಂದು ರದ್ದುಮಾಡಿಕೊಂಡು ನೊರೆಯ ವೈಭವವಷ್ಟೇ ಉಳಿಯುತ್ತದೆ.

ಅಗ್ಗದ ದಾರಿ ಕೊಳೆಯ ಗುರುತು ಹಿಡಿಯುವುದು. ಮೊದಲು ಬಿಸಿನೀರು, ವಾಷಿಂಗ್ ಸೋಡ, ಹಳೆಯ ಟೂತ್‌ಬ್ರಷ್: ಜಿಡ್ಡು ಸಡಿಲವಾಗುತ್ತದೆ. ಚೆನ್ನಾಗಿ ತೊಳೆದ ಮೇಲೂ ಕಪ್ಪು ಚುಕ್ಕೆ ಉಳಿದರೆ ಅದು ಬೂಷ್ಟು. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ, ಗಸಿ ಕೆಳಗಿಳಿದ ಮೇಲೆ ತಿಳಿನೀರಿನಲ್ಲಿ ಹತ್ತಿ ಅದ್ದಿ ಗೆರೆಗೆ ಅಂಟಿಸಿ. ಲಂಬ ಗೋಡೆಯಲ್ಲೂ ದ್ರಾವಣ ಜಾರದೆ ನಿಲ್ಲುತ್ತದೆ. ಹತ್ತು ನಿಮಿಷದ ಬಳಿಕ ತೊಳೆಯಿರಿ. ಅದರ ಹೈಪೋಕ್ಲೋರೈಟ್ ಶಿಲೀಂಧ್ರವನ್ನು ಕೊಲ್ಲುತ್ತದೆ, ವರ್ಣಕದ ಅಣುವನ್ನೂ ಮುರಿಯುತ್ತದೆ. ಬಣ್ಣದ ಗ್ರೌಟಿಗೆ ಇದು ಬೇಡ. ಕಬ್ಬಿಣದ ಕಲೆಗೂ ಬೇಡ. ಕಬ್ಬಿಣ ಇನ್ನಷ್ಟು ಉತ್ಕರ್ಷಣಗೊಂಡು ಕಲೆ ಗಟ್ಟಿಯಾಗಬಹುದು. ಅಲ್ಲಿ ಮಾತ್ರ ನಿಂಬೆರಸ: ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿಗೆ ತರುತ್ತದೆ. ಕಲೆಯ ಮೇಲಷ್ಟೇ ಹಚ್ಚಿ, ಬೇಗ ತೊಳೆದುಬಿಡಿ.

ಬ್ಲೀಚಿಗೆ ಆಸಿಡ್ ತಗುಲಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಹರಿಯಬಿಟ್ಟದ್ದು ಇದನ್ನೇ. ಕಿಟಕಿ ಮುಚ್ಚಿದ ಬಚ್ಚಲು ಅದಕ್ಕೆ ತಕ್ಕ ಜಾಗವಲ್ಲ. ನಿಂಬೆರಸವೂ ಆಮ್ಲವೇ, ಎರಡನ್ನೂ ಒಂದೇ ದಿನ ಬಳಸಬೇಡಿ.

ಎಲ್ಲ ಮುಗಿದ ಮೇಲೆ, ಗೆರೆ ಪೂರ್ತಿ ಒಣಗಲಿ. ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ದುಂಡಗೆ ನಿಂತರೆ ಕೆಲಸವಾಯಿತು. ಇಂಗಿ ಗೆರೆ ಕಪ್ಪಿಟ್ಟರೆ ರಂಧ್ರ ತೆರೆದೇ ಇದೆ: ಸಿಲೇನ್ ಅಥವಾ ಸಿಲಾಕ್ಸೇನ್ ಇರುವ ಗ್ರೌಟ್ ಸೀಲರ್ ಬಳಿಯಬೇಕು. ಗೆರೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಕೆರೆದು ತೆಗೆದು ಹೊಸ ಗ್ರೌಟ್ ತುಂಬುವುದೇ ಸರಿ. ಟೈಲ್ಸ್ ಕೀಳುವ ಅಗತ್ಯ ಅಲ್ಲಿಯೂ ಇಲ್ಲ.