ರಕ್ತದ ಹನಿಗೆ ಜೀವಾಣುವಿನ ಸಾಕ್ಷಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಹೈನುಳ್ಳ ಮನೆಗಳ ತಾಯಂದಿರು ಬಲ್ಲ ಸಂಗತಿಯೊಂದಿದೆ. ಕೆಚ್ಚಲು ಬಾವಿಗೆ ಚುಚ್ಚುಮದ್ದು ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗುವುದಿಲ್ಲ. ಹಾಲಿನಲ್ಲಿ ಉಳಿದ ಔಷಧಿಯು ಹೆಪ್ಪಿನ ಜೀವಾಣುಗಳನ್ನು ಬೆಳೆಯಗೊಡದಿರುವುದೇ ಇದಕ್ಕೆ ಕಾರಣ. ಕಣ್ಣಿಗೆ ಕಾಣದ ಔಷಧಿಯ ಇರವನ್ನು ಜೀವಾಣುವೇ ತಿಳಿಸುತ್ತದೆ.

ರಕ್ತದಲ್ಲಿರುವ ಔಷಧಿಯನ್ನು ಅಳೆಯುವುದಕ್ಕೂ ವೈದ್ಯವಿಜ್ಞಾನವು ಇದೇ ತತ್ತ್ವವನ್ನು ಆಶ್ರಯಿಸಿತು. ಜೀವಾಣುಗಳನ್ನು ಬೆರೆಸಿದ ಅಗರ್ ಎಂಬ ಲೋಳೆಯ ಪದರದ ಮೇಲೆ ರೋಗಿಯ ರಕ್ತವನ್ನಿರಿಸಿದರೆ, ಔಷಧಿ ಹರಡಿದಷ್ಟು ದೂರ ಜೀವಾಣು ಬೆಳೆಯದೆ ತಿಳಿಯಾದ ಉಂಗುರ ಮೂಡುತ್ತದೆ. ಉಂಗುರ ಅಗಲವಾದಷ್ಟೂ ಔಷಧಿ ಹೆಚ್ಚು.

1950ರ ದಶಕದಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಕ್ಯಾನ್ಸರ್ ರೋಗಿಗಳ ರಕ್ತವನ್ನು ಇಂತಹ ವಿಧಾನದಿಂದ ಪರೀಕ್ಷಿಸುತ್ತಿದ್ದವರು ಡಾ. ರಾಬರ್ಟ್ ಗುತ್ರೀ. ಅವರ ಮಗನೊಬ್ಬ ಬುದ್ಧಿಮಾಂದ್ಯನಾಗಿದ್ದನು. ಆ ನೋವು ಅವರನ್ನು ಮಕ್ಕಳ ಕಡೆಗೆ ತಿರುಗಿಸಿತು. ಫೀನೈಲ್‌ಕೀಟೋನೂರಿಯ ಎಂಬ ಹುಟ್ಟುದೋಷವುಳ್ಳ ಶಿಶುವಿನ ರಕ್ತದಲ್ಲಿ ಆಹಾರದ ಫೀನೈಲ್‌ಅಲನಿನ್ ಅಂಶ ಸಂಗ್ರಹವಾಗಿ ಮಿದುಳನ್ನು ಕೆಡಿಸುತ್ತದೆ. ಮೊದಲ ವಾರಗಳಲ್ಲಿಯೇ ತಿಳಿದರೆ ಪಥ್ಯದಿಂದ ಮಗುವಿನ ಬುದ್ಧಿಯನ್ನು ಉಳಿಸಬಹುದು. ಗುತ್ರೀಯವರು ಪರೀಕ್ಷೆಯನ್ನು ತಿರುಗುಮುರುಗು ಮಾಡಿದರು. ಜೀವಾಣುವನ್ನು ತಡೆಯುವ ವಸ್ತುವನ್ನು ಮೊದಲೇ ಅಗರ್‌ನಲ್ಲಿ ಬೆರೆಸಿದರು. ರಕ್ತದಲ್ಲಿ ಫೀನೈಲ್‌ಅಲನಿನ್ ಮಿತಿಮೀರಿದ್ದರೆ ಆ ತಡೆಯನ್ನು ಗೆದ್ದು ಜೀವಾಣು ಬೆಳೆಯುತ್ತದೆ. ಇದಕ್ಕೆ ಬೇಕಾದುದು ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ಕೆಲವು ಹನಿ ರಕ್ತ ಮಾತ್ರ. 1963ರಲ್ಲಿ ಪ್ರಕಟವಾದ ಈ ವಿಧಾನ ಹಲವು ದೇಶಗಳಿಗೆ ಹಬ್ಬಿತು. ಇಂದು ಜೀವಾಣುವಿನ ಕೆಲಸವನ್ನು ಬಹುತೇಕ ಯಂತ್ರಗಳು ಮಾಡುತ್ತಿದ್ದರೂ ಆ ಒಣಗಿದ ಹನಿ ಹಾಗೆಯೇ ಉಳಿದಿದೆ.

ಕರ್ನಾಟಕದಲ್ಲಿಯೂ 1980ರಲ್ಲಿ ನವಜಾತ ಶಿಶುಗಳ ತಪಾಸಣೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಂಗಡಿಗರು, ಬೇರೊಂದು ವಿಧಾನದಿಂದ, ಒಂದು ಲಕ್ಷದಷ್ಟು ಶಿಶುಗಳ ರಕ್ತದಲ್ಲಿ ಇಂತಹ ದೋಷಗಳನ್ನು ಹುಡುಕಿ 1988ರಲ್ಲಿ ವರದಿ ಪ್ರಕಟಿಸಿದರು. ಈ ದೋಷಗಳು ಬಹುತೇಕ ತಂದೆ ತಾಯಿ ಇಬ್ಬರಿಂದಲೂ ಬರತಕ್ಕವು. ಆದ್ದರಿಂದ ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಅಪಾಯ ಹೆಚ್ಚು. ನಮ್ಮ ಮನೆತನಗಳು ಇದನ್ನು ಮನಗಾಣಬೇಕು.

ಮಗುವಿನ ಬುದ್ಧಿ ಮಂದವಾದರೆ ಹಣೆಬರಹವೆಂದು ಕೈಚೆಲ್ಲುವುದು, ಸೊಸೆಯನ್ನು ದೂಷಿಸುವುದು ತರವಲ್ಲ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಈ ತಪಾಸಣೆಯ ಬಗ್ಗೆ ವೈದ್ಯರನ್ನು ಕೇಳಿರಿ. ಮಲೆನಾಡಿನ ದೂರದ ಊರಿನಿಂದಲೂ ಒಣಗಿದ ಹನಿಯನ್ನು ನಗರದ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಸಕಾಲದಲ್ಲಿ ಪರೀಕ್ಷಿಸಿದ ಒಂದು ಹನಿಯಿಂದ ಮಗುವಿನ ಬಾಳು ಬೆಳಗೀತು.