ಹೆಸರಿಲ್ಲದ ಗಾಜಿನ ಲೋಟ ಯಾವ ಊರಿನದು?

ಇವತ್ತಿನ ಮಾತು ಅಮೆರಿಕದ ಹಳೇ ಗಾಜಿನ ಲೋಟಗಳದ್ದು. ಕುಡಿಯೋ ಲೋಟದಲ್ಲಿ ಏನಿದೆ ಮಾತಾಡೋಕೆ ಅಂತೀರಾ? ಅದರ ಮೇಲೆ ಕೆತ್ತಿದ ಒಂದು ಹೆಸರು, ಒಂದು ಇಸವಿ ಎಷ್ಟು ಮುಖ್ಯ ಅನ್ನೋದೇ ಇವತ್ತಿನ ವಿಷಯ.

1767ರಲ್ಲಿ ಬ್ರಿಟನ್ ತನ್ನ ಅಮೆರಿಕನ್ ವಸಾಹತುಗಳಿಗೆ ಬರುವ ಗಾಜು, ಕಾಗದ, ಚಹಾದ ಮೇಲೆ ಸುಂಕ ಹೇರಿತು. ಜನ ಸಿಟ್ಟಾಗಿ ಬ್ರಿಟಿಷ್ ಸಾಮಾನೇ ಬೇಡ ಅಂದರು. ಪೆನ್ಸಿಲ್ವೇನಿಯಾದ ಮ್ಯಾನ್‌ಹೈಮ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜರ್ಮನ್ ವಲಸಿಗ ಹೆನ್ರಿ ವಿಲಿಯಂ ಸ್ಟೀಗಲ್‌ಗೆ ಇದು ಒಳ್ಳೇ ಅವಕಾಶ. ಯುರೋಪಿನಲ್ಲಿ ಪಳಗಿದ ಕೆಲಸಗಾರರನ್ನು ಸೇರಿಸಿಕೊಂಡು ಲೋಟ ಮಾಡಿಸಿದ. ಆದರೆ 1770ರಲ್ಲಿ ಚಹಾ ಒಂದನ್ನು ಬಿಟ್ಟು ಉಳಿದದ್ದರ ಸುಂಕ ಹೋಯ್ತು, ಹಡಗಿನಲ್ಲಿ ಬರೋ ಮಾಲು ಮತ್ತೆ ಶುರುವಾಯ್ತು. 1774ರ ಹೊತ್ತಿಗೆ ಸ್ಟೀಗಲ್ ದಿವಾಳಿ. ಸಾಲ ತೀರಿಸಲಾಗದೆ ಜೈಲಿಗೂ ಹೋದ.

ಅವನ ಲೋಟಗಳ ಕಥೆ ಇನ್ನೂ ವಿಚಿತ್ರ. ಗಿರಾಕಿಗಳಿಗೆ ಬೇಕಾಗಿದ್ದದ್ದು ವಿದೇಶಿ ಮಾಲಿನ ಹಾಗೇ ಕಾಣೋ ಲೋಟ. ಕೆಲಸಗಾರರಿಗೆ ಬರ್ತಿದ್ದದ್ದೂ ಅದೇ ಹೂವು, ಅದೇ ಹಕ್ಕಿ. ಹೆಸರು ಹಾಕುವ ರೂಢಿಯಿಲ್ಲ. ಹಾಗಾಗಿ ಇವತ್ತು ಅಂಥ ಲೋಟವೊಂದು ಸಿಕ್ಕರೆ ಅದು ಮ್ಯಾನ್‌ಹೈಮ್‌ನದೋ ಬೊಹೀಮಿಯಾದ್ದೋ ಅಂತ ಖಚಿತವಾಗಿ ಹೇಳೋದು ಕಷ್ಟ. ತಜ್ಞರು ‘ಸ್ಟೀಗಲ್ ಮಾದರಿ’ ಅಂತ ಬರೆದು ಸುಮ್ಮನಾಗ್ತಾರೆ. ಅಷ್ಟು ಕಷ್ಟಪಟ್ಟ ಮನುಷ್ಯನಿಗೆ ಕೊನೆಗೆ ಉಳಿದದ್ದು ‘ಮಾದರಿ’ ಅನ್ನೋ ಪದ!

ಜಾನ್ ಫ್ರೆಡ್ರಿಕ್ ಅಮೆಲುಂಗ್ ವಿಷಯ ಹಾಗಲ್ಲ. ಜರ್ಮನಿಯ ಬ್ರೆಮೆನ್‌ನಿಂದ 1784ರಲ್ಲಿ ಬಂದವನು ಮೇರಿಲ್ಯಾಂಡ್‌ನಲ್ಲಿ ‘ನ್ಯೂ ಬ್ರೆಮೆನ್’ ಅಂತಲೇ ಗಾಜಿನ ಕಾರ್ಖಾನೆ ಕಟ್ಟಿದ. ಅವನ ಕೆಲವು ಪಾತ್ರೆಗಳ ಮೇಲೆ ಊರು, ಇಸವಿ ಎರಡೂ ಇವೆ. ನನಗೆ ತುಂಬಾ ಇಷ್ಟವಾದದ್ದು 1788ರ ಒಂದು ಮುಚ್ಚಳದ ಪಾನಪಾತ್ರೆ. ಅದರ ಮೇಲೆ ಬ್ರೆಮೆನ್ ನಗರದ ಲಾಂಛನ ಇದೆ. ಹಳೇ ಬ್ರೆಮೆನ್‌ಗೆ ಯಶಸ್ಸು, ಹೊಸದಕ್ಕೆ ಪ್ರಗತಿ ಅನ್ನೋ ಹಾರೈಕೆಯೂ ಇದೆ. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಫೋಟೋ ಸಿಗುತ್ತೆ, ಜೂಮ್ ಮಾಡಿ ನೋಡಿ. ಇಂಥವನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಹೆಸರಿಲ್ಲದ ಬೇರೆ ಲೋಟಗಳನ್ನೂ ಅಮೆಲುಂಗ್‌ನವು ಅಂತ ಗುರುತಿಸಿದ್ದಾರೆ. ವ್ಯಾಪಾರ ಮಾತ್ರ ಅವನ ಕೈಹಿಡಿಯಲಿಲ್ಲ. 1790ರಲ್ಲಿ ಅಮೆರಿಕದ ಸಂಸತ್ತಿಗೆ ಸಾಲ ಕೇಳಿದ, ಸಿಗಲಿಲ್ಲ.

ಇವೆಲ್ಲ ಕೆತ್ತನೆಯ ಲೋಟಗಳು. ತಿರುಗುವ ಪುಟ್ಟ ತಾಮ್ರದ ಚಕ್ರಕ್ಕೆ ಎಣ್ಣೆ ಬೆರೆಸಿದ ಸಾಣೆಪುಡಿ ಹಚ್ಚಿ, ಲೋಟವನ್ನು ಅದರ ಕೆಳಗೆ ಹಿಡಿದು ಗೀರು ಎಳೀತಾರೆ. ಕೊರೆದ ಗಾಜು ಅಂದ್ರೆ ಬೇರೆ. ಅದಕ್ಕೆ ದೊಡ್ಡ ಕಬ್ಬಿಣದ ಚಕ್ರ, ಒದ್ದೆ ಮರಳು ಬೇಕು. ಆಮೇಲೆ ಕಲ್ಲಿನ ಚಕ್ರ, ಕೊನೆಗೆ ಹೊಳಪಿಗೆ ಮರದ ಚಕ್ರ. ಸೀಸ ಬೆರೆಸಿದ ಗಾಜು ಮೆದು, ಜೊತೆಗೆ ಹೊಳಪೂ ಜಾಸ್ತಿ. ಪಿಟ್ಸ್‌ಬರ್ಗ್‌ನಲ್ಲಿ 1808ರಲ್ಲಿ ಶುರುವಾದ ಬೇಕ್‌ವೆಲ್ ಕಂಪನಿ ಈ ಕೆಲಸದಲ್ಲಿ ಎಷ್ಟು ಹೆಸರು ಮಾಡಿತು ಅಂದ್ರೆ, 1829ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಶ್ವೇತಭವನಕ್ಕೇ ಅವರಿಂದ ಗಾಜಿನ ಸಾಮಾನು ತರಿಸಿದ.

ಅದೇ 1820ರ ದಶಕದಲ್ಲಿ ಕರಗಿದ ಗಾಜನ್ನು ಅಚ್ಚಿಗೆ ಹಾಕಿ ಒತ್ತುವ ಯಂತ್ರಗಳೂ ಅಮೆರಿಕದಲ್ಲಿ ಬಂದವು. ನೋಡೋಕೆ ಕೊರೆದ ಹಾಗೇ, ಬೆಲೆ ಮಾತ್ರ ಕಮ್ಮಿ. ವ್ಯತ್ಯಾಸ ತಿಳಿಯೋಕೆ ಬೆರಳು ಆಡಿಸಿ ನೋಡಬೇಕು: ಕೊರೆದದ್ದರ ಅಂಚು ಚೂಪು, ಅಚ್ಚಿನದು ನುಣುಪು.