ಸ್ಪ್ಯಾನಿಷ್ ಪ್ರಶ್ನೆಯೂ ಯಾದಗಿರಿಯ ‘ಏನ್ರಿ’ಯೂ

ಯಾದಗಿರಿ, ಶಹಾಪುರ, ಸುರಪುರದ ಕಡೆ ಮೊಬೈಲು ಹಿಡಿದು ಸ್ಪ್ಯಾನಿಷ್ ಕಲಿಯಹೊರಟರೆ ಪಾಠ ಸಿಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಜೊತೆಗೆ ಇಂಗ್ಲಿಷಿನ ತೊಡಕೂ ಪುಕ್ಕಟೆಯಾಗಿ ಬರುತ್ತದೆ. ದಿನಬಳಕೆಯ ಪ್ರಶ್ನೆಗಳ ವಿಷಯದಲ್ಲಿ ನಾವು ನಂಬಿಕೊಂಡು ಬಂದ ಕೆಲವು ಮಾತುಗಳನ್ನು ಈಗಲಾದರೂ ತೂಗಿ ನೋಡಬೇಕು.

ಮೊದಲು ಇಂಗ್ಲಿಷ್ ಗಟ್ಟಿಯಾಗಬೇಕು, ನಮ್ಮ ಆಡುಮಾತಿಗೆ ವ್ಯಾಕರಣವೇ ಇಲ್ಲವಾದ್ದರಿಂದ ಅದರಿಂದ ಏನೂ ಪ್ರಯೋಜನವಿಲ್ಲ ಎನ್ನುವುದು ಎಲ್ಲಕ್ಕಿಂತ ಹಳೆಯ ನಂಬಿಕೆ.

ವಾಸ್ತವ: ಇಂಗ್ಲಿಷ್ ಪ್ರಶ್ನೆಗೆ ‘ಡು’, ‘ಡಸ್’, ‘ಡಿಡ್’ ಬೇಕಾಗುತ್ತವೆ. ಸ್ಪ್ಯಾನಿಷಿಗೆ ಬೇಡ, ಕನ್ನಡಕ್ಕೂ ಬೇಡ. ‘ಬಿಯೆನೆಸ್ ಮನ್ಯಾನಾ?’ ಎಂದರೆ ‘ನಾಳಿಗಿ ಬರ್ತೀಯೇನು?’ ಕೇಳುತ್ತಿರುವುದು ಯಾರನ್ನು ಎಂಬುದನ್ನು ಎರಡೂ ಕಡೆ ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ. ‘ನೀನು’ ಬಿಟ್ಟರೂ ನಡೆಯುತ್ತದೆ. ಇನ್ನು ವ್ಯಾಕರಣವಿಲ್ಲ ಎಂಬ ಮಾತು. ‘ಊಟ ಆತೇನ್ರಿ?’ಯಲ್ಲಿ ಮೊದಲು ಹೇಳಿಕೆ, ಅದಕ್ಕೆ ಅಂಟಿದ ‘ಏನು’, ಆಮೇಲೆ ಗೌರವದ ‘ರಿ’. ಇದೇ ಊರುಗಳ ದಖ್ಖನಿಯಲ್ಲಿ ‘ಖಾನಾ ಹುವಾ ಕ್ಯಾ?’ ಎನ್ನುವಾಗಲೂ ‘ಕ್ಯಾ’ ಕೊನೆಗೇ ಬರುತ್ತದೆ. ಇದು ವ್ಯಾಕರಣವಲ್ಲದೆ ಮತ್ತೇನು?

ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆಗೆ ಪದಗಳನ್ನು ಹಿಂದುಮುಂದು ಮಾಡಲೇಬೇಕು, ವಾಕ್ಯದ ಆರಂಭದಲ್ಲಿರುವ ತಲೆಕೆಳಗಾದ ಪ್ರಶ್ನಚಿಹ್ನೆ ಬರೀ ಅಲಂಕಾರ ಎಂದೂ ನಂಬಿದ್ದೇವೆ.

ವಾಸ್ತವ: ಹಿಂದುಮುಂದು ಮಾಡಬಹುದು, ಮಾಡಲೇಬೇಕೆಂದಿಲ್ಲ. ‘ಮರಿಯಾ ಬಿಯೆನೆ’ ಅಂದರೆ ಮರಿಯಾ ಬರುತ್ತಾಳೆ. ಅದನ್ನೇ ದನಿ ಏರಿಸಿ ಅಂದರೆ ಬರುತ್ತಾಳಾ ಎಂಬ ಪ್ರಶ್ನೆ. ನಮ್ಮ ‘ಏನು’ವಿನಂಥ ಗುರುತು ಅವರಲ್ಲಿಲ್ಲ. ಹೀಗಾಗಿ ಉದ್ದದ ವಾಕ್ಯ ಗಟ್ಟಿಯಾಗಿ ಓದುವವನಿಗೆ ದನಿ ಎಲ್ಲಿಂದ ಏರಿಸಬೇಕೆಂದು ತಿಳಿಯುತ್ತಿರಲಿಲ್ಲ. ಸ್ಪೇನಿನ ರಾಯಲ್ ಅಕಾಡೆಮಿ 1754ರ ತನ್ನ ಕಾಗುಣಿತ ಗ್ರಂಥದಲ್ಲಿ ಆ ಚಿಹ್ನೆಯನ್ನು ಸೂಚಿಸಿದ್ದು ಇದಕ್ಕಾಗಿಯೇ.

ಪ್ರಶ್ನಾಪದ ಮೊದಲಿಗೆ ಬಂದರೆ ಸಾಕು, ‘ಇಂದ’, ‘ಜೋಡಿ’ ಎಂಬರ್ಥದ ಪದಗಳನ್ನು ಕೊನೆಗೆ ತಳ್ಳಬಹುದು ಎಂಬುದು ಇನ್ನೊಂದು. ‘ವೇರ್ ಆರ್ ಯು ಫ್ರಮ್’ ಬಾಯಿಪಾಠ ಮಾಡಿದವರಿಗೆ ಹೀಗನ್ನಿಸುವುದು ಸಹಜ.

ವಾಸ್ತವ: ಸ್ಪ್ಯಾನಿಷ್ ಈ ಪದಗಳನ್ನು ಪ್ರಶ್ನಾಪದದಿಂದ ಅಗಲಿಸುವುದಿಲ್ಲ. ‘ದೆ ದೋಂದೆ ಎಸ್ ಉಸ್ತೆದ್?’ನಲ್ಲಿ ‘ದೆ ದೋಂದೆ’ ಒಟ್ಟಿಗೇ ಇದೆ, ನಮ್ಮ ‘ಎಲ್ಲಿಂದ’ದ ಹಾಗೆ. ‘ಕೋನ್ ಕಿಯೆನ್’ ಎಂದರೆ ‘ಯಾರ ಜೋಡಿ’. ನಮ್ಮಲ್ಲಿ ಹಿಂದೆ ಅಂಟುವುದು ಅವರಲ್ಲಿ ಮುಂದೆ ನಿಲ್ಲುತ್ತದೆ, ಅಷ್ಟೇ. ಒಂದು ಕಡೆ ಮಾತ್ರ ಕನ್ನಡವನ್ನು ನೆಚ್ಚಬಾರದು. ‘ನೀವು ಎಲ್ಲಿಗಿ ಹೊಂಟೀರಿ’, ‘ಎಲ್ಲಿಗಿ ಹೊಂಟೀರಿ ನೀವು’ ಎರಡೂ ನಮಗೆ ಸರಿ. ಸ್ಪ್ಯಾನಿಷಿನಲ್ಲಿ ಸಾಮಾನ್ಯವಾಗಿ ಪ್ರಶ್ನಾಪದ ಮೊದಲು, ಕ್ರಿಯಾಪದ ಅದರ ಬೆನ್ನಿಗೇ, ಕರ್ತೃ ಆಮೇಲೆ. ಕ್ಯೂಬಾ, ಪೋರ್ಟೊ ರಿಕೊ ಕಡೆಯವರು ‘ಕೆ ತು ಕಿಯೆರೆಸ್?’ (ಏನು ನೀನು ಬಯಸ್ತೀ?) ಎಂದು ಕರ್ತೃವನ್ನು ನಡುವೆ ತರುತ್ತಾರೆ. ಅದೂ ತಪ್ಪಲ್ಲ, ಆ ಸೀಮೆಯ ಮಾತು.

ಪ್ರಶ್ನೆಗೊಂದು, ಉತ್ತರಕ್ಕೊಂದು ಬೇರೆಬೇರೆ ಪದ ಉರುಹೊಡೆಯಬೇಕು ಎಂಬ ಹೆದರಿಕೆಯೂ ಇದೆ.

ವಾಸ್ತವ: ‘ಯಾಕ’ ಎಂದು ಕೇಳಿದರೆ ‘ಯಾಕಂದ್ರ’ ಎಂದು ಶುರುಮಾಡುವವರು ನಾವು. ಅವರೂ ಹಾಗೇ: ‘ಪೋರ್ ಕೆ’ ಎಂದರೆ ಯಾಕೆ, ‘ಪೋರ್ಕೆ’ ಎಂದರೆ ಯಾಕೆಂದರೆ. ಮೊದಲನೆಯದನ್ನು ಎರಡು ಪದವಾಗಿ, ‘ಕೆ’ ಮೇಲೆ ಒತ್ತುಗೆರೆ ಎಳೆದು ಬರೆಯುತ್ತಾರೆ. ಎರಡನೆಯದು ಗೆರೆಯಿಲ್ಲದ ಒಂದೇ ಪದ. ‘ವೈ’ಗೂ ‘ಬಿಕಾಸ್’ಗೂ ಇಂಥ ನಂಟಿಲ್ಲ.

ಎಲ್ಲರನ್ನೂ ‘ತು’ (ನೀನು) ಎಂದರೆ ನಡೆಯುತ್ತದೆ ಎಂಬುದೂ ಇಂಗ್ಲಿಷಿನ ‘ಯು’ ಕೊಟ್ಟ ಸಲುಗೆ.

ವಾಸ್ತವ: ಪರಿಚಯವಿಲ್ಲದ ಹಿರಿಯರಿಗೆ ‘ಉಸ್ತೆದ್’, ಅಂದರೆ ‘ನೀವು’. ಅದರ ಜೊತೆ ಬರುವುದು ಪ್ರಥಮ ಪುರುಷದ ಕ್ರಿಯಾಪದ. ಮಾತುಮಾತಿಗೂ ‘ರಿ’ ಹಚ್ಚುವವರಿಗೆ ಈ ಗೌರವವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಪಡುವವನೇ ವಾಕ್ಯದ ಕರ್ತೃ ಎಂಬ ನಂಬಿಕೆಯಂತೂ ಇಂಗ್ಲಿಷ್ ಮೂಲಕ ಬಂದವರನ್ನು ಬಹುಕಾಲ ಕಾಡುತ್ತದೆ.

ವಾಸ್ತವ: ‘ತೆ ಗುಸ್ತಾ ಎಲ್ ಕಫೆ?’ ಎಂದರೆ ‘ನಿನಗ ಕಾಫಿ ಸೇರ್ತದೇನು?’ ಕರ್ತೃ ಕಾಫಿ, ಕುಡಿಯುವವನು ಚತುರ್ಥಿಯಲ್ಲಿದ್ದಾನೆ. ಮಾವಿನಹಣ್ಣುಗಳ ಬಗ್ಗೆ ಕೇಳಿದರೆ ಅಲ್ಲಿ ‘ಗುಸ್ತಾ’ ಹೋಗಿ ‘ಗುಸ್ತಾನ್’ ಆಗುತ್ತದೆ, ಇಲ್ಲಿ ‘ಸೇರ್ತದ’ ಹೋಗಿ ‘ಸೇರ್ತಾವ’ ಆಗುತ್ತದೆ.